ಎರವಲು ಬೆರಳು

ಹಿರೇಮಗ್ಗಿಯ ಸರಕಾರಿ ಆಸ್ಪತ್ರೆಗೆ ಜೋಗುಳ ಬಂದ ಮೇಲೆ ಗಂಟಲೊಳಗೆ ಹೊಟ್ಟೆ ನೋಡುವ ದುರ್ಬೀನು ಇಳಿಸಿಕೊಳ್ಳಲು ಯಾರಿಗೂ ಹೆದರುವ ಕಾರಣ ಉಳಿಯಲಿಲ್ಲ. ಜೋಗುಳವೆಂದರೆ ಒಂದು ಬಿಳಿ ಪೆಟ್ಟಿಗೆ, ಮದುವೆಯ ಟ್ರಂಕಿನಷ್ಟು ದೊಡ್ಡದು. ಅದರಿಂದ ಒಂದು ವೈರು ಹೊರಟಿದೆ. ವೈರಿನ ತುದಿಗೆ ಬಟ್ಟೆ ಒಣಹಾಕುವಾಗ ಸಿಕ್ಕಿಸುವಂಥ ಒಂದು ಕ್ಲಿಪ್ಪು. ರೋಗಿ ಎಡಮಗ್ಗುಲಾಗಿ ಮಲಗಿ ಬೆರಳು ಕೊಟ್ಟರೆ ಸಾಕು. ಕ್ಲಿಪ್ಪು ಉಗುರಿನ ಮೂಲಕ ಕೆಂಪು ಬೆಳಕು ಹಾಯಿಸಿ, ರಕ್ತದಲ್ಲಿ ಪ್ರಾಣವಾಯು ಎಷ್ಟಿದೆ, ನಾಡಿ ಎಷ್ಟು ಬಡಿಯುತ್ತಿದೆ, ಬೆರಳ ತುದಿಯ ಸಣ್ಣ ನಾಳಗಳು ಬಿಗಿದಿವೆಯೋ ಸಡಿಲಾಗಿವೆಯೋ ಎಂದು ಓದುತ್ತದೆ. ನೋವಾಗಲಿ ಹೆದರಿಕೆಯಾಗಲಿ ಬಾಯಿಗೆ ಬರುವ ಮೊದಲೇ ಬೆರಳ ತುದಿಗೆ ಬಂದಿರುತ್ತದೆ. ನಾಡಿ ಓಡಿತೆಂದರೆ ನಿದ್ದೆ ಹಗುರಾಯಿತು ಎಂದು ಪೆಟ್ಟಿಗೆ ತಿಳಿಯುತ್ತದೆ, ಹಾಲಿನ ಬಣ್ಣದ ಔಷಧವನ್ನು ಇನ್ನಷ್ಟು ಮುಂಗೈಯ ನರಕ್ಕೆ ಬಿಡುತ್ತದೆ. ನಾಡಿ ತಣ್ಣಗಾದರೆ ಕೈ ಬಿಗಿ ಹಿಡಿಯುತ್ತದೆ. ಮನುಷ್ಯನನ್ನು ಬಾವಿಕಟ್ಟೆಯ ಮೇಲೆ ಕೂರಿಸಿ ಒಳಗೆ ಬೀಳದಂತೆ ನೋಡಿಕೊಂಡ ಹಾಗೆ.

ಮೊದಲಾದರೆ ಆ ಕಟ್ಟೆ ಕಾಯುವುದಕ್ಕೆ ಅರಿವಳಿಕೆ ಡಾಕ್ಟರು ಬೇಕಿತ್ತು. ಹಿರೇಮಗ್ಗಿಗೆ ಅಂಥವರು ಎಂದೂ ಬಂದವರಲ್ಲ, ಬರುವವರೂ ಅಲ್ಲ. ಈಗ ಹತ್ತಾರು ಊರುಗಳ ಪೆಟ್ಟಿಗೆಗಳನ್ನು ಹುಬ್ಬಳ್ಳಿಯ ನಿಗಾ ಕೇಂದ್ರದಲ್ಲಿ ಕೂತು ಒಬ್ಬರೇ ಡಾಕ್ಟರು ನೋಡುತ್ತಿದ್ದರು. ಅವರ ಹೆಸರು ಉಪಾಧ್ಯೆ. ಅವರ ಕೈಕೆಳಗೆ ಪರದೆ ನೋಡುವ ಹುಡುಗಿಯರಿದ್ದರು. ಪರದೆ ಹಸಿರಿದ್ದರೆ ಸುಮ್ಮನಿರಬೇಕು, ಹಳದಿಯಾದರೆ ಡಾಕ್ಟರನ್ನು ಕರೆಯಬೇಕು. ಸುಮ್ಮನಿರುವುದಕ್ಕೆ ಸಂಬಳ ಕೊಡುವ ನೌಕರಿ ಅದು. ಆ ಹುಡುಗಿಯರಲ್ಲಿ ಹಿರೇಮಗ್ಗಿಯ ನೀಲಗಾರ ಓಣಿಯವಳು ಒಬ್ಬಳಿದ್ದಳು, ಸುಗಂಧಾ.

ನೀಲಗಾರ ಓಣಿಯೆಂದರೆ ನೂಲಿಗೆ ನೀಲಿ ಹಾಕುವವರ ಓಣಿ. ಪರದೇಶದವರಿಗೆ ಗಿಡದ ನೀಲಿಯ ಹುಚ್ಚು ಮತ್ತೆ ಹತ್ತಿತ್ತು. ಮನೆಮನೆಯ ಹಿತ್ತಲಲ್ಲಿ ಬಣ್ಣದ ಬಾನಿಗಳು ಮತ್ತೆ ತುಂಬಿದವು. ಬಾನಿಯಲ್ಲಿ ಕೈ ಆಡಿಸಿದವರ ಉಗುರು ಕಡುನೀಲಿ. ನೂಲಿನ ಲಡಿಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುವ ಹೆಂಗಸರ ತುಟಿಯೂ ನೀಲಿ. ಸೋಪಿಗೆ ಹೋಗದು, ಸೀಮೆಎಣ್ಣೆಗೂ ಹೋಗದು, ಉಗುರು ಬೆಳೆದು ಕತ್ತರಿಸಿ ಹೋಗಬೇಕು. ಪೆಟ್ಟಿಗೆಗೆ ಪಾಠ ಹೇಳುವಾಗ ಲಕ್ಷಾಂತರ ಬೆರಳು ತೋರಿಸಿದ್ದರಂತೆ. ಅದರಲ್ಲಿ ಬಾನಿಗೆ ಅದ್ದಿದ ಬೆರಳು ಒಂದೂ ಇರಲಿಲ್ಲ. ಹೀಗಾಗಿ ನೀಲಿ ಉಗುರು ಕಂಡೊಡನೆ ಪೆಟ್ಟಿಗೆ ಕಿರಿಚಿಕೊಳ್ಳುತ್ತಿತ್ತು, ಪ್ರಾಣವಾಯು ಇಲ್ಲವೇ ಇಲ್ಲ, ಈ ಮನುಷ್ಯ ಆಗಲೇ ಅರ್ಧ ಹೆಣ ಎನ್ನುತ್ತಿತ್ತು. ಔಷಧ ಬಿಡುತ್ತಿರಲಿಲ್ಲ. ಮಲಗಿದವರು ಎದ್ದು ಮನೆಗೆ ಹೋಗಬೇಕು.

ಆ ಓಣಿಯವರಿಗೆ ಹೊಟ್ಟೆಯ ರೋಗ ಹೆಚ್ಚು. ಸಾಯುವವರು ಸಾಯುತ್ತಿದ್ದರು, ದುರ್ಬೀನು ಪಕ್ಕದಲ್ಲೇ ಮೊಳೆಗೆ ತೂಗುತ್ತಿತ್ತು.

ಅದಕ್ಕೆ ಉಪಾಯ ಕಂಡುಹಿಡಿದವರು ಯಾರೆಂದು ಹೇಳಲು ಬರುವುದಿಲ್ಲ. ಯಾವನೋ ಮಗ ತನ್ನ ತಾಯಿಯ ಮಂಚದ ಪಕ್ಕ ನಿಂತವನು, ಕಿರಿಚಾಟ ತಾಳದೆ ಕ್ಲಿಪ್ಪನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡಿರಬೇಕು. ಪೆಟ್ಟಿಗೆ ತಟ್ಟನೆ ಸುಮ್ಮನಾಗಿ ಹಸಿರಾಯಿತು. ಸಿಸ್ಟರ್ ಎಸ್ತರ್ ನೋಡಿಯೂ ನೋಡದಂತೆ ಅತ್ತ ತಿರುಗಿದಳು. ಅಲ್ಲಿಂದ ಅದು ರೂಢಿಯಾಯಿತು. ಮದುವೆಗೆ ಭಾಂಡೆ ಎರವಲು ಕೊಟ್ಟ ಹಾಗೆ ದುರ್ಬೀನಿಗೆ ಬೆರಳು ಎರವಲು. ‘ನಾಳೆ ನಮ್ಮ ಕಾಕಾಗ ಬೆರಳ ಕೊಡಾಕ ಬಾರೋ’ ಎಂದರೆ ಓಣಿಯಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಕಾಲೇಜಿಗೆ ಹೋಗುವ, ಉಗುರು ಬೆಳ್ಳಗಿರುವ ಹುಡುಗರು ಬಂದು ಸ್ಟೂಲಿನ ಮೇಲೆ ಕೂತು, ಒಂದು ಕೈ ಪೆಟ್ಟಿಗೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅವರ ನಾಡಿ ತಣ್ಣಗೆ ಬಡಿಯುತ್ತಿತ್ತು. ಪೆಟ್ಟಿಗೆ ಔಷಧದ ಮೊದಲ ಪಟ್ಟು ಬಿಟ್ಟು ಸುಮ್ಮನಿರುತ್ತಿತ್ತು. ರೋಗಿ ಮಲಗುತ್ತಿದ್ದ, ಏಳುತ್ತಿದ್ದ. ಯಾರಿಗೂ ಏನೂ ಆಗಲಿಲ್ಲ. ಏನೂ ಆಗದ ತಪ್ಪು ತಪ್ಪೆಂದು ಯಾರಿಗೂ ಕಾಣುವುದಿಲ್ಲ.

ಹುಬ್ಬಳ್ಳಿಯಲ್ಲಿ ಕೂತ ಸುಗಂಧಾಳಿಗೆ ಇದೆಲ್ಲ ಗೊತ್ತಿತ್ತು. ಎಪ್ಪತ್ತರ ಮುದುಕಿಯ ಹೆಸರಿನ ಕೆಳಗೆ ಇಪ್ಪತ್ತರ ಹುಡುಗನ ನಾಡಿ ಓಡುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಹಸಿರು ಇತ್ತು, ಸುಮ್ಮನಿದ್ದಳು.

ಅವ್ವ ಸಂಕವ್ವನಿಗೆ ಬಾನಿಯ ಮುಂದೆ ಕಣ್ಣು ಕತ್ತಲೆ ಬಂತೆಂದು ಫೋನು ಬಂದಾಗ ಸುಗಂಧಾ ಮೊದಲ ಬಸ್ಸಿಗೆ ಊರಿಗೆ ಹೋದಳು. ಸಂಕವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಏನೂ ಆಗಿಲ್ಲವೆಂಬಂತೆ ಲಡಿ ಬಿಡಿಸುತ್ತಿದ್ದಳು. ಮುಖ ಸುಣ್ಣದ ಗೋಡೆಯಾಗಿತ್ತು.

“ಎಷ್ಟ ದಿನದಿಂದ ಅವ್ವಾ?”

“ಏನ ಎಷ್ಟ ದಿನ?”

“ಹಿತ್ತಲಕಡೆ ಹೋದ್ರ ಕರ್ರಗ ಆಗಾಕತ್ತೈತಿ ಅಂತ ಅಪ್ಪ ಹೇಳಿದ.”

“ನಿಮ್ಮಪ್ಪಗ ಅದನ್ನೂ ಊರಿಗೆಲ್ಲ ಸಾರೂದು ಐತೇನ? ಡಂಗುರಾ ಕೊಡ್ರಿ ಕೈಯಾಗ, ಓಣ್ಯಾಗ ಹೊಡದು ಬರಲಿ.”

ಅಪ್ಪ ಮಾನಪ್ಪ ಬಾಗಿಲಲ್ಲೇ ನಿಂತಿದ್ದ. ಬಾನಿಯ ಸುಣ್ಣಕ್ಕೆ ಕೈ ಒಡೆದು ಹುಣ್ಣಾದ ಮೇಲೆ ಅವನು ಬಣ್ಣದ ಕೆಲಸ ಬಿಟ್ಟಿದ್ದ, ಗಾಡಿಯ ಮೇಲೆ ನೂಲು ಹೇರಿಕೊಂಡು ನೇಕಾರರಿಗೆ ಮುಟ್ಟಿಸಿ ಬರುತ್ತಿದ್ದ. ಅವನ ಉಗುರುಗಳು ಈಗ ಬೆಳ್ಳಗಿದ್ದವು. ಹೆಂಡತಿ ಅದಕ್ಕೆ ಅವನನ್ನು ಸಾಹೇಬ ಎನ್ನುತ್ತಿದ್ದಳು.

“ಹೊಟ್ಟ್ಯಾಗ ಎಲ್ಲ್ಯೋ ರಕ್ತ ಸೋರಾಕತ್ತೈತಿ ಅವ್ವಾ. ಅದು ಎಲ್ಲಿ ಅಂತ ನೋಡಬೇಕು. ಬುಧವಾರ ದುರ್ಬೀನ ಹಾಕಸೂಣು.”

“ಹಾಕಸವಾ. ಮಲಗಿ ಏಳೂದ ಅಷ್ಟ. ಕಲ್ಲಮ್ಮನ ಮೊಮ್ಮಗನ್ನ ಕರದ್ರ ಆತು, ಬೆರಳ ಕೊಡತಾನ.”

“ಅವಾ ಯಾಕ?” ಮಾನಪ್ಪ ಒಳಗೆ ಬಂದ. “ನನ್ನ ಬೆರಳ ಏನ ಮಣ್ಣ ತಿನ್ನಾಕ ಹೋಗ್ಯಾವೇನ? ನಾ ಕೊಡತೀನಿ.”

“ನೀವಾ?” ಸಂಕವ್ವ ನಕ್ಕಳು. “ಇಕಿ ಹುಟ್ಟುವಾಗ ದವಾಖಾನಿ ಹೊರಗ ಮೂರ್ಛೆ ಹೋಗಿ ಬಿದ್ದಿದ್ರಿ. ನರ್ಸಬಾಯಿ ನನ್ನ ಬಿಟ್ಟು ನಿಮಗ ನೀರ ಕುಡಸಾಕ ಓಡಿದ್ಲು.”

“ಅದು ಆಗಿನ ಮಾತು. ಕಂಡವರ ಹುಡುಗನ ಕೈಯಾಗ ನನ್ನ ಹೆಂಡತಿ ಜೀವ ಕೊಡಾಕ ನಾ ತಯಾರಿಲ್ಲ.”

ಸಂಕವ್ವ ಲಡಿಯ ಮೇಲೆ ಬಗ್ಗಿದಳು. ತಾನೇ ಬೆರಳು ಕೊಡುವುದೆಂದು ಸುಗಂಧಾ ಯೋಚಿಸಿದ್ದಳು. ಆದರೆ ತಾನು ರಜೆ ಹಾಕಿದರೆ ಹಿರೇಮಗ್ಗಿಯ ಪರದೆಗೆ ಬೇರೆ ಯಾರೋ ಕೂರುತ್ತಾರೆ. ಅವರಿಗೆ ನಾಡಿ ಯಾರದೆಂಬ ಸಂಶಯ ಬಂದರೆ ಅವ್ವನ ದುರ್ಬೀನೂ ಹೋಯಿತು, ಓಣಿಯದೂ ಹೋಯಿತು. ಬೆರಳು ಕೊಡುವುದಕ್ಕೆ ಬೇಕಾದಷ್ಟು ಜನ ಇದ್ದಾರೆ, ಸುಮ್ಮನಿರುವುದಕ್ಕೆ ತಾನೇ ಬೇಕು. ಹೀಗೆ ಲೆಕ್ಕ ಹಾಕಿ ಅವಳು ಹುಬ್ಬಳ್ಳಿಗೆ ವಾಪಸಾದಳು. ಬುಧವಾರ ಗೆಳತಿಯೊಬ್ಬಳನ್ನು ಪುಸಲಾಯಿಸಿ ಕುರ್ಚಿ ಬದಲಿಸಿಕೊಂಡು ಹಿರೇಮಗ್ಗಿಯ ಪರದೆಯ ಮುಂದೆ ಕೂತಳು.

ನಿಗಾ ಕೇಂದ್ರದಲ್ಲಿ ಯಾವತ್ತೂ ಒಂದೇ ಹವೆ, ಒಂದೇ ಬೆಳಕು. ಪರದೆಯಲ್ಲಿ ಮುಖ ಬರುವುದಿಲ್ಲ, ಕೋಣೆ ಬರುವುದಿಲ್ಲ. ಹೆಸರು, ವಯಸ್ಸು, ಮೇಲೊಂದು ಗೆರೆ, ಕೆಳಗೆ ಔಷಧದ ಬಿಳಿ ಪಟ್ಟಿ. ಹಿಂದೆ ಇನ್ನೊಂದು ಗೆರೆಯೂ ಇತ್ತು. ಮೊದಲ ತಲೆಮಾರಿನ ಪೆಟ್ಟಿಗೆಗೆ ಮೂಗಿನ ಹತ್ತಿರ ಇಡುವ ಸಣ್ಣ ಕೊಳವೆಯಿತ್ತು, ರೋಗಿ ಬಿಟ್ಟ ಉಸಿರನ್ನು ಒಂದೊಂದಾಗಿ ಎಣಿಸುತ್ತಿತ್ತು. ಗೊರಕೆ ಹೊಡೆದರೂ ಅದು ಕೂಗುತ್ತದೆ, ಕೆಲಸ ನಿಲ್ಲುತ್ತದೆ ಎಂದು ದೂರು ಬಂದವು. ಎರಡನೆಯ ತಲೆಮಾರಿನಲ್ಲಿ ಅದನ್ನು ತೆಗೆದರು. ಗೊರಕೆಯೆಂದರೆ ಗಂಟಲು ಅರ್ಧ ಮುಚ್ಚಿದ ಸದ್ದು ಎಂದು ಉಪಾಧ್ಯೆಯವರು ಒಮ್ಮೆ ಬರೆದು ಕಳಿಸಿದ್ದರು. ಉತ್ತರ ಬಂದಿರಲಿಲ್ಲ.

‘ಸಂಕವ್ವ ಮಾನಪ್ಪ ನೀಲಗಾರ’ ಎಂದು ಹೆಸರು ಬಿತ್ತು. ಗೆರೆ ಓಡಲು ಶುರುವಾಯಿತು.

ನಾಡಿ ನೂರಾ ಹದಿನೆಂಟು. ಸುಗಂಧಾಳಿಗೆ ಒಳಗೊಳಗೇ ನಗು ಬಂತು. ಅಪ್ಪ ಆಗಲೇ ಹೆದರಿದ್ದಾನೆ, ಹಣೆಯ ಬೆವರನ್ನು ಟವೆಲ್ಲಿನಿಂದ ಒರೆಸಿಕೊಳ್ಳುತ್ತಿರಬೇಕು. ಪೆಟ್ಟಿಗೆ ಮೊದಲ ಪಟ್ಟು ಬಿಟ್ಟಿತು. ಔಷಧದ ಪಟ್ಟಿ ಒಂದು ಗೇಣು ಎದ್ದು ನಿಂತಿತು. ಇನ್ನು ನಾಡಿ ಇಳಿಯಬೇಕು.

ಇಳಿಯಲಿಲ್ಲ. ಔಷಧ ಹೋದದ್ದು ಅವ್ವನ ನರಕ್ಕೆ, ನಾಡಿ ಇದ್ದದ್ದು ಅಪ್ಪನ ಬೆರಳಲ್ಲಿ. ಹೆಂಡತಿಯ ಕಣ್ಣು ಮೇಲೆ ಸಿಕ್ಕಿ ರೆಪ್ಪೆ ಮುಚ್ಚಿದ್ದನ್ನು ಕಂಡನೋ ಏನೋ, ಅವನ ನಾಡಿ ಇನ್ನೂ ಏರಿತು. ಪೆಟ್ಟಿಗೆ ಯೋಚಿಸಿತು: ನಿದ್ದೆ ಹಗುರ. ಇನ್ನೊಂದು ಪಟ್ಟು ಬಿಟ್ಟಿತು.

ದುರ್ಬೀನು ಬಾಯಿಗೆ ಇಳಿದಿರಬೇಕು. ನಾಡಿ ನೂರಾ ಮೂವತ್ತು ದಾಟಿತು. ನಾಳಗಳು ಬಿಗಿದವು. ನಿದ್ದೆ ಹಗುರ. ಇನ್ನೊಂದು ಪಟ್ಟು.

ಸುಗಂಧಾಳ ನಗು ಯಾವಾಗ ನಿಂತಿತೋ ಅವಳಿಗೇ ತಿಳಿಯಲಿಲ್ಲ. ಹುಡುಗರು ಕ್ರಿಕೆಟ್ ನೋಡುತ್ತ ಕೊಟ್ಟ ಬೆರಳುಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಅವರಿಗೆ ಯಾರಿಗೂ ಹೆದರಿಕೆ ಇರಲಿಲ್ಲ, ಅದಕ್ಕೇ ಯಾರೂ ಸತ್ತಿರಲಿಲ್ಲ. ಇವನಿಗೆ ಮಂಚದ ಮೇಲೆ ಮಲಗಿದವಳ ಮೇಲೆ ಜೀವ. ಇವನು ಹೆದರಿದಷ್ಟೂ ಪೆಟ್ಟಿಗೆ ಅವಳಿಗೆ ಔಷಧ ಹಾಕುತ್ತದೆ, ಅವಳ ಉಸಿರು ಕುಗ್ಗಿದಷ್ಟೂ ಇವನು ಹೆದರುತ್ತಾನೆ. ಬಾಯಿ ಬಿಟ್ಟು ಹೇಳುವುದಕ್ಕೆ ಪರದೆಯಲ್ಲಿ ಏನೂ ಇಲ್ಲ. ಪ್ರಾಣವಾಯು ತೊಂಬತ್ತೊಂಬತ್ತು. ಹಸಿರೆಂದರೆ ಹಸಿರು, ತೊಳೆದಿಟ್ಟ ಎಲೆಯಂಥ ಹಸಿರು.

ಹೇಳಿದರೆ ಓಣಿಯ ದುರ್ಬೀನು ಇವತ್ತಿಗೇ ಮುಗಿಯಿತು, ನೌಕರಿಯೂ ಮುಗಿಯಿತು. ಔಷಧದ ಪಟ್ಟಿ ಮತ್ತೆ ಏರಿತು. ಅವಳು ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಬಿತ್ತು.

“ಸರ್, ಹಿರೇಮಗ್ಗಿ ನಿಲ್ಲಸ್ರಿ!”

ಉಪಾಧ್ಯೆ ತಮ್ಮ ಮೇಜಿನಿಂದಲೇ ಕತ್ತು ಚಾಚಿ ನೋಡಿದರು. “ಯಾಕವಾ? ತೊಂಬತ್ತೊಂಬತ್ತ ಐತಲ್ಲ.”

“ಅದು ಪೇಶಂಟಿನ ಬೆರಳಲ್ರಿ.”

“ಏನಂದಿ?”

“ಬೆರಳ ಬ್ಯಾರೇದವರದ್ರಿ. ನಮ್ಮಪ್ಪಂದು. ಮಲಗಿದಾಕಿ ನಮ್ಮವ್ವ.”

ಉಪಾಧ್ಯೆಯವರ ಕೈ ಆಗಲೇ ಕೆಂಪು ಗುಂಡಿಯ ಮೇಲಿತ್ತು. ಔಷಧ ನಿಂತಿತು. ಹಿರೇಮಗ್ಗಿಯಲ್ಲಿ ದುರ್ಬೀನು ಹಾಕುವ ಡಾಕ್ಟರ ಜೊತೆ ಮಾತಾಡುವ ಗುಂಡಿ ಒತ್ತಿದರು.

“ಡಾಕ್ಟರ್ ನಸ್ರೀನ್, ಉಪಾಧ್ಯೆ ಮಾತಾಡಾಕತ್ತೀನಿ. ಪೈಪ್ ಹೊರಗ ತಗೀರಿ. ಲೈಟ್ ಹಾಕ್ರಿ. ಪೆಟ್ಟಿಗಿ ನೋಡಬ್ಯಾಡ್ರಿ, ಮುಖ ನೋಡ್ರಿ.”

ಅಲ್ಲಿಂದ ಸ್ಪೀಕರಿನಲ್ಲಿ ಸದ್ದು ಬರತೊಡಗಿತು. ಸ್ವಿಚ್ಚಿನ ಸದ್ದು. ಮಂಚದ ಚಕ್ರ ಕಿರುಗುಟ್ಟಿತು. ದುರ್ಬೀನು ಇಳಿಸುವಾಗ ಒಳಗಿನ ಚಿತ್ರ ಸ್ಪಷ್ಟ ಕಾಣಲೆಂದು ಕೋಣೆ ಕತ್ತಲೆ ಮಾಡಿರುತ್ತಾರೆ. ಡಾಕ್ಟರು ಹೊಟ್ಟೆಯನ್ನು ನೋಡುತ್ತಾರೆ, ಸಿಸ್ಟರು ಪೈಪು ಹಿಡಿದಿರುತ್ತಾಳೆ, ಮುಖ ಯಾರ ಪಾಲಿಗೂ ಬಂದಿರುವುದಿಲ್ಲ.

“ತುಟಿ ನೀಲಿ ಅದಾವ್ರೀ ಸರ್,” ನಸ್ರೀನ್ ದನಿ.

“ಅಕಿ ತುಟಿ ಯಾವಾಗ್ಲೂ ನೀಲಿನ್ರೀ ಮೇಡಂ! ಬಣ್ಣರೀ ಅದು!” ಅಪ್ಪನ ದನಿ.

“ನಾಲಿಗಿ ನೋಡ್ರಿ,” ಉಪಾಧ್ಯೆ ಹೇಳಿದರು.

ನಸ್ರೀನ್ ಟಾರ್ಚು ಹಚ್ಚಿದ ಸದ್ದು.

“ನೀಲಿ ಐತ್ರಿ. ಎದಿ ಏಳವಲ್ದು. ನಾಡಿ ಕೈಗೆ ಹತ್ತವಲ್ದು... ಇಲ್ಲ, ಐತಿ. ಭಾಳ ಸಾವಕಾಶ ಐತಿ. ಎಸ್ತರ್, ಗಾಳಿ ಚೀಲ ಕೊಡ!”

“ಮೊದ್ಲ ಗದ್ದ ಎತ್ರಿ. ನಾಲಿಗಿ ಹಿಂದ ಬಿದ್ದಿರತೈತಿ. ಬಾಯಾಗಿಂದ ಎಳಕೋರಿ. ಆಮ್ಯಾಲ ಚೀಲ ಒತ್ರಿ. ಗಡಿಬಿಡಿ ಮಾಡಬ್ಯಾಡ್ರಿ, ಎದಿ ಏಳೂದನ್ನ ನೋಡ್ಕೋತ ಒತ್ರಿ. ನಾಡಿ ಬರದಿದ್ರ ಎದಿ ಮ್ಯಾಲ ಕೈ ಹಾಕ್ರಿ.”

ಸುಗಂಧಾಳ ಪರದೆ ಇನ್ನೂ ಹಸಿರಾಗಿಯೇ ಇತ್ತು. ಸಂಕವ್ವ ಮಾನಪ್ಪ ನೀಲಗಾರ, ಪ್ರಾಣವಾಯು ತೊಂಬತ್ತೊಂಬತ್ತು, ನಾಡಿ ನೂರಾ ಐವತ್ತು. ಸ್ಪೀಕರಿನಲ್ಲಿ ಅವ್ವ ಸಾಯುತ್ತಿದ್ದಳು, ಪರದೆಯಲ್ಲಿ ಗಟ್ಟಿಮುಟ್ಟಾಗಿ ಓಡುತ್ತಿದ್ದಳು. ಅವಳು ಉಪಾಧ್ಯೆಯವರ ಕೈ ಸರಿಸಿ ಗುಂಡಿ ಒತ್ತಿದಳು.

“ಅಪ್ಪಾ, ಬೆರಳ ತಗಿ!”

“ಯಾರು? ಸುಗಂಧಾ? ನೀ ಎಲ್ಲಿದ್ದೀ?” ಮಾನಪ್ಪ ಅಳುತ್ತಿದ್ದ. “ತಗೀಬ್ಯಾಡ ಅಂದಾರವ್ವಾ! ತಗದ್ರ ಅಕಿ ಎಚ್ಚರಾಗತಾಳ ಅಂದಾರ!”

“ಎಚ್ಚರಾಗಲಿ ಅಂತನ ಅನ್ನಾಕತ್ತೀನಿ, ತಗಿ!”

ಪರದೆಯ ಗೆರೆ ಸಪಾಟಾಯಿತು. ಕೇಂದ್ರದಲ್ಲಿದ್ದ ಎಲ್ಲ ಹುಡುಗಿಯರೂ ಆ ಗೆರೆಯನ್ನೇ ನೋಡಿದರು. ಅದೊಂದೇ ಆ ಹೊತ್ತು ಅಲ್ಲಿ ಸತ್ಯ ಹೇಳಿದ್ದು, ಇವಳ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂದು. ಸ್ಪೀಕರಿನಲ್ಲಿ ನಸ್ರೀನ್ ಎದೆ ಒತ್ತುತ್ತ ಉಸಿರಿನಲ್ಲೇ ಲೆಕ್ಕ ಹಿಡಿದಿದ್ದಳು. ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದಳು. ಆಮೇಲೆ ಯಾರೋ ಹಸಿ ಕೆಮ್ಮು ಕೆಮ್ಮಿದರು. ಅದು ಅವ್ವನ ಕೆಮ್ಮೆಂದು ಸುಗಂಧಾಳಿಗೆ ಯಾರೂ ಹೇಳಬೇಕಾಗಲಿಲ್ಲ.

ಸಂಕವ್ವ ಬದುಕಿದಳು. ಹೊಟ್ಟೆಯ ಹುಳಿನೀರು ಶ್ವಾಸಕೋಶಕ್ಕೆ ಇಳಿದಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದಳು. ಎಚ್ಚರಾದ ಮೇಲೆ ಮೊದಲು ಕೇಳಿದ್ದು, “ಬಾನಿ ಮುಚ್ಚಿದ್ರೇನ?” ಮಾನಪ್ಪ ಅವಳ ಮಂಚದ ಹತ್ತಿರ ಬರುತ್ತಿರಲಿಲ್ಲ, ವರಾಂಡದಲ್ಲಿ ಕೂತು ತನ್ನ ತೋರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಳ್ಳುತ್ತಿದ್ದ. ದುರ್ಬೀನು ಅರ್ಧದಲ್ಲೇ ಹೊರಬಂದಿದ್ದರಿಂದ ರಕ್ತ ಸೋರುವುದು ಎಲ್ಲಿಂದ ಎಂಬುದು ತಿಳಿದಿರಲಿಲ್ಲ. ಸೋರುವುದು ನಿಂತೂ ಇರಲಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲೂ ಜೋಗುಳವೇ ಇತ್ತು. ಅದೂ ಅವಳ ಉಗುರು ನೋಡಿ ಕಿರಿಚಿತು.

ವಿಚಾರಣೆ ಹುಬ್ಬಳ್ಳಿಯಲ್ಲಿ ನಡೆಯಿತು. ಪೆಟ್ಟಿಗೆ ಮಾಡಿದ ಕಂಪನಿಯವನೊಬ್ಬ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ, ಹಿತವಾದ ಮಾತು.

“ನಮ್ಮ ಯಂತ್ರ ಎಲ್ಲೂ ತಪ್ಪು ಮಾಡಿಲ್ಲ,” ಎಂದ. “ಅದು ಹಸಿರು ತೋರಿಸಿದ್ದು ಸರಿಯಾಗೇ ಇದೆ. ಬೆರಳಿನ ಯಜಮಾನರು ಆರೋಗ್ಯವಾಗಿದ್ದರು.”

“ಕಿವಿಗೆ ಹಾಕೋ ಕ್ಲಿಪ್ಪು ಇರತಾವು,” ಉಪಾಧ್ಯೆ ಹೇಳಿದರು. “ಕಿವಿಗೆ ಬಣ್ಣ ಹತ್ತೂದಿಲ್ಲ. ಉಸರ ಎಣಸೋ ಕೊಳವಿ ವಾಪಸ್ ಹಾಕ್ರಿ. ಇವೆರಡೂ ಹೊಸಾವೇನಲ್ಲ, ನಾ ಕೆಲಸಕ್ಕ ಸೇರಿದಾಗಿನಿಂದ ಅದಾವು.”

“ನಮ್ಮ ಯಂತ್ರ ಕಲಿತಿರೋದು ಬೆರಳಿನ ಮೇಲೆ ಡಾಕ್ಟರೇ. ಕಿವಿ ಕಲಿಸಬೇಕು ಅಂದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತೆ. ಮುಂದಿನ ತಲೆಮಾರಿನಲ್ಲಿ ನೋಡೋಣ.”

“ಯಾರ ಮುಂದಿನ ತಲಿಮಾರ್ರೀ?” ಎಂದಳು ಸುಗಂಧಾ. ಅವಳನ್ನು ಕೆಲಸದಿಂದ ತೆಗೆದ ಆದೇಶ ಆಗಲೇ ಮೇಜಿನ ಮೇಲಿತ್ತು, ಹೀಗಾಗಿ ಅವಳ ಬಾಯಿಗೆ ಬೀಗ ಇರಲಿಲ್ಲ.

ಪರಿಹಾರ ಅವರ ಹತ್ತಿರ ಸಿದ್ಧವಾಗಿತ್ತು. ಪೆಟ್ಟಿಗೆಗೆ ಹೊಸ ಬುದ್ಧಿ ತುಂಬಿದರು. ಇನ್ನು ಮೇಲೆ ಅದು ಬೆರಳಚ್ಚು ಹೊಂದಿಸಿ, ಹೆಸರಿನವರದೇ ಬೆರಳು ಎಂದು ಖಾತ್ರಿಯಾದರೆ ಮಾತ್ರ ಔಷಧ ಬಿಡುತ್ತದೆ. ಯಾರೂ ಎರವಲು ಕೊಡುವ ಹಾಗಿಲ್ಲ. ನೀಲಗಾರರ ಬೆರಳಿನ ಗೆರೆಗಳನ್ನು ಬಾನಿಯ ಸುಣ್ಣ ಎಂದೋ ತಿಂದು ಹಾಕಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದು ಅವರ ಕೆಲಸವಾಗಿರಲಿಲ್ಲ.

ಸುಗಂಧಾ ಊರಿಗೆ ಬಂದಾಗ ಓಣಿಯ ನಳದ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಮಾತು ನಿಲ್ಲಿಸಿದರು. ಕಲ್ಲಮ್ಮ ಮಾತ್ರ ನಿಲ್ಲಿಸಲಿಲ್ಲ.

“ಬಾರವಾ ತಾಯಿ. ನಿಮ್ಮವ್ವನ್ನ ಉಳಿಸಿಕೊಂಡಿ, ಪುಣ್ಯಾ ಬಂತು. ನನ್ನ ಗಂಡನ ಹೊಟ್ಟಿ ಇನ್ನ ಯಾರ ನೋಡತಾರ? ನಿನ್ನ ಬಾಯಿ ನೋಡತೈತೇನ?”

“ಕಲ್ಲಮ್ಮತ್ತಿ, ಅವ್ವ ಸಾಯತಿದ್ದಳು.”

“ಸತ್ತಿದ್ರ ಒಬ್ಬಾಕಿ ಸಾಯತಿದ್ದಳು.” ಕಲ್ಲಮ್ಮ ಕೊಡ ಎತ್ತಿ ಸೊಂಟಕ್ಕಿಟ್ಟಳು. “ಸಿಟ್ಟಿಗೆ ಅಂದೆ. ಮನಸಿಗೆ ಹಚಗೋಬ್ಯಾಡ. ಆದ್ರ ಅಂದದ್ದು ಸುಳ್ಳಲ್ಲ.”

ಸುಳ್ಳಲ್ಲ ಎಂಬುದೇ ಸುಗಂಧಾಳನ್ನು ಸುಟ್ಟಿತು. ಮನೆಯಲ್ಲಿ ಸಂಕವ್ವ ಗೋಡೆಗೆ ಒರಗಿ ಕೂತಿದ್ದಳು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ರಕ್ತ ಏರಿಸಿ ಕಳಿಸಿದ್ದರು, ಏರಿಸಿದ್ದು ಮತ್ತೆ ಕರ್ರಗೆ ಹೋಗುತ್ತಿತ್ತು. ಹೀಗೇ ಬಿಟ್ಟರೆ ಬಹಳ ದಿನವಿಲ್ಲ ಎಂದು ಜಿಲ್ಲಾ ಆಸ್ಪತ್ರೆಯವರು ಮಾನಪ್ಪನಿಗೆ ಹೇಳಿದ್ದರು. ಅವನು ಅದನ್ನು ಹೇಳಲು ಬಾಯಿ ತೆರೆದಾಗಲೆಲ್ಲ ಕಣ್ಣು ತುಂಬುತ್ತಿತ್ತಾದ್ದರಿಂದ, ಹೇಳದೆಯೇ ಎಲ್ಲರಿಗೂ ಗೊತ್ತಾಗಿತ್ತು.

“ಮೊದ್ಲೆಲ್ಲ ಜೋಗುಳ ಎಲ್ಲಿತ್ತು?” ಸಂಕವ್ವ ಇದ್ದಕ್ಕಿದ್ದಂತೆ ಕೇಳಿದಳು. “ನಮ್ಮ ಮಾವಗ ದುರ್ಬೀನ ಹಾಕಿದ್ರಲ್ಲ, ಬಾಗಲಕೋಟ್ಯಾಗ. ಅವರೇನ ನಿದ್ದಿ ಹಚ್ಚಿರಲಿಲ್ಲ. ಎಚ್ಚರ ಇದ್ದ ನುಂಗಿ ಬಂದು, ದಾರ್ಯಾಗ ಭಜಿ ತಿಂದು, ಮನಿಗೆ ಬಂದಿದ್ರು.”

“ಈಗ ಹಂಗ ಯಾರೂ ಮಾಡೂದಿಲ್ಲವ್ವಾ.”

“ಯಾಕ, ಗಂಟಲ ಬ್ಯಾರೆ ಬಂದಾವೇನ ಈಗ?”

ಸುಗಂಧಾ ಇದನ್ನು ಡಾಕ್ಟರ್ ನಸ್ರೀನ್ ಇನಾಮದಾರ್ ಮುಂದೆ ಹೇಳಿದಳು. ಆ ದಿನದ ಮೇಲೆ ಅವಳು ಸೊರಗಿದ್ದಳು.

“ಎಚ್ಚರ ಇದ್ದವರಿಗೆ ನಾ ಒಂದೂ ಹಾಕಿಲ್ಲ ಸುಗಂಧಾ. ನಾವು ಕಲಿಯೂವಾಗ್ಲೇ ಪೆಟ್ಟಿಗಿ ಬಂದಿತ್ತು. ಮಲಗಿದವರು ಒದ್ದಾಡೂದಿಲ್ಲ, ಮಾತಾಡೂದಿಲ್ಲ. ಅವರ ಜೋಡಿ ಹೆಂಗ ಇರಬೇಕಂತ ನಮಗ ಯಾರೂ ಹೇಳಿಕೊಟ್ಟಿಲ್ಲ.”

“ಹೇಳಿಕೊಡೋವ್ರು ಒಬ್ರು ಅದಾರ್ರಿ.”

ಉಪಾಧ್ಯೆಗೆ ಫೋನು ಹಚ್ಚಿದರು. ಅವರು ಎಲ್ಲ ಕೇಳಿಸಿಕೊಂಡು, ಫೋನಿನಲ್ಲಿ ಹೇಳುವ ವಿದ್ಯೆ ಅಲ್ಲವೆಂದು ಭಾನುವಾರ ತಾವೇ ಬಸ್ಸು ಹತ್ತಿ ಬಂದರು. ಇಡೀ ಮಧ್ಯಾಹ್ನ ನಸ್ರೀನಳನ್ನೂ ಎಸ್ತರಳನ್ನೂ ಕೂರಿಸಿಕೊಂಡು ಹೇಳಿದರು. ಗಂಟಲಿಗೆ ಜುಮ್ಮೆನ್ನುವ ಔಷಧ ಸಿಂಪಡಿಸಬೇಕು, ತುಟಿ ತುದಿಯಿಂದ ಜೊಲ್ಲು ಹರಿಯಲು ಬಿಡಬೇಕು, ನುಂಗೆಂದಾಗ ನುಂಗಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಬಾಯಿ ಮುಚ್ಚಬಾರದು, ಕೊನೆತನಕ ಮಾತಾಡಿಸುತ್ತಲೇ ಇರಬೇಕು. ನಸ್ರೀನ್ ಮೊದಲು ತನ್ನ ಗಂಟಲಿಗೇ ಔಷಧ ಸಿಂಪಡಿಸಿಕೊಂಡು ದುರ್ಬೀನಿನ ತುದಿಯನ್ನು ಒಂದು ಗೇಣು ಇಳಿಸಿಕೊಂಡಳು. ಓಕರಿಸಿ, ಕಣ್ಣೀರು ಒರೆಸಿಕೊಂಡು, “ಆತು, ತಿಳೀತು,” ಎಂದಳು.

ಒಂದು ತೊಡಕು ಉಳಿಯಿತು. ದುರ್ಬೀನಿನ ದೀಪಕ್ಕೆ ವಿದ್ಯುತ್ತು ಬರುತ್ತಿದ್ದುದು ಜೋಗುಳದ ಮೂಲಕ, ಜೋಗುಳಕ್ಕೆ ಬೆರಳು ಸಿಗದೆ ದೀಪ ಹತ್ತದು. ಎಸ್ತರ್ ಒಂದು ಗುಂಡಿ ತೋರಿಸಿದಳು. ಕೆಲಸ ಮುಗಿದ ಮೇಲೆ ದುರ್ಬೀನನ್ನು ತೊಳೆದು, ಒಳಗೆ ಕಸ ಉಳಿದಿಲ್ಲವೆಂದು ನೋಡಲು ದೀಪ ಹಚ್ಚಿಕೊಳ್ಳುವ ಗುಂಡಿ ಅದು. ಅದಕ್ಕೆ ಯಾರ ಬೆರಳೂ ಬೇಕಿಲ್ಲ.

ಸೋಮವಾರ ಬೆಳಿಗ್ಗೆ ಸಂಕವ್ವ ಎಡಮಗ್ಗುಲಾಗಿ ಮಲಗಿದಳು. ಮಾನಪ್ಪ ಬಾಗಿಲ ಹೊರಗೆ ನಿಂತ, ಒಳಗೆ ಬರಲು ಅವನಿಗೆ ಧೈರ್ಯವಿರಲಿಲ್ಲ. ಸಂಕವ್ವ ಪೈಪು ಕಚ್ಚದಂತೆ ಬಾಯಿಗೆ ಪ್ಲಾಸ್ಟಿಕ್ ಬಳೆ ಇಡಿಸಿಕೊಳ್ಳುವ ಮೊದಲು ಅವನನ್ನು ಕೂಗಿದಳು.

“ರೀ ಸಾಹೇಬ್ರ, ಒಳಗ ಬರ್ರಿ. ಅಲ್ಲಿ ನಿಂತು ಬಿದ್ದಗಿದ್ದೀರಿ.”

ಅವನು ಬಂದು ಅವಳ ಕಾಲ ಬಳಿ ಕೂತ. ಸುಗಂಧಾ ತಲೆಯ ಬಳಿ ಕೂತು ಅವ್ವನ ಕೈ ಹಿಡಿದಳು. ಎಸ್ತರ್ ತನ್ನ ಅಂಗೈಯನ್ನು ಸಂಕವ್ವನ ಎದೆಯ ಮೇಲಿಟ್ಟು ನಿಂತಳು, ಎದೆ ಏಳುವುದನ್ನೂ ಇಳಿಯುವುದನ್ನೂ ಕೈಯಲ್ಲೇ ನೋಡುತ್ತ. ಯಾರೂ ದೀಪ ಆರಿಸಲಿಲ್ಲ.

“ನುಂಗವ್ವಾ. ನುಂಗ. ಹಾಂ, ಹೋತು. ಮೂಗಿಲೆ ಉಸರ ತಗೊ. ಭಾಳ ಚಲೋ ಮಾಡಾಕತ್ತಿ.” ನಸ್ರೀನ್ ಹಣೆಯಿಂದ ಬೆವರು ಇಳಿಯುತ್ತಿತ್ತು.

ಸಂಕವ್ವ ಓಕರಿಸಿದಳು. ಮೈಯೆಲ್ಲ ಬಿಲ್ಲಿನಂತೆ ಬಗ್ಗಿತು, ಕಣ್ಣಿಂದ ನೀರು ಸುರಿಯಿತು. ಸುಗಂಧಾಳ ಬೆರಳುಗಳನ್ನು ಮೂಳೆ ಮುರಿಯುವ ಹಾಗೆ ಅದುಮಿದಳು. ಉಸಿರು ಮೂಗಿನಲ್ಲಿ ಸೊಂಯ್ ಎಂದು ಬಂತು, ಸೊಂಯ್ ಎಂದು ಹೋಯಿತು. ಅಷ್ಟು ಗಟ್ಟಿ ಸದ್ದನ್ನು ಆ ಕೋಣೆ ಕೇಳಿ ವರ್ಷಗಳಾಗಿದ್ದವು. ಮೂಲೆಯಲ್ಲಿ ಜೋಗುಳದ ಪರದೆ ತಣ್ಣಗೆ ಹೊಳೆಯುತ್ತಿತ್ತು: ರೋಗಿ ಇಲ್ಲ. ತೊಳೆಯುವ ಕೆಲಸ ನಡೆದಿದೆ.

“ಸಿಕ್ತು,” ನಸ್ರೀನ್ ಎಂದಳು. “ನೋಡ, ಸುಗಂಧಾ. ಹುಣ್ಣು. ನಡುವ ನರ ಬಾಯಿ ತಗದೈತಿ.”

ಇನ್ನೊಂದು ಪರದೆಯಲ್ಲಿ ಗುಲಾಬಿ ಬಣ್ಣದ ಗೋಡೆ, ಅದರಲ್ಲೊಂದು ಬಿಳಿ ಗುಳಿ, ಗುಳಿಯಿಂದ ಎಳೆ ಎಳೆಯಾಗಿ ರಕ್ತ. ಸಂಕವ್ವ ಕಣ್ಣು ಹೊರಳಿಸಿ ಅದನ್ನು ತಾನೇ ನೋಡಿದಳು. ನಸ್ರೀನ್ ದುರ್ಬೀನಿನೊಳಗಿಂದ ಕೊಕ್ಕೆಯಂಥ ಪುಟ್ಟ ಲೋಹದ ಕ್ಲಿಪ್ಪು ಇಳಿಸಿ, ನರದ ಬಾಯಿಗೆ ಕಚ್ಚಿಸಿದಳು. ಎಳೆ ನಿಂತಿತು. ಅವಳು ಇನ್ನೊಂದನ್ನೂ ಕಚ್ಚಿಸಿದಳು, ಖಾತ್ರಿಗೆ.

ಸಂಕವ್ವ ಮಾನಪ್ಪನ ಭುಜ ಹಿಡಿದು ಹೊರಗೆ ಬಂದಾಗ ವರಾಂಡದಲ್ಲಿ ಓಣಿಯವರು ಕೂತಿದ್ದರು. ಕಲ್ಲಮ್ಮನ ಗಂಡನೂ ಇದ್ದ. ಗಂಟಲು ಜುಮ್ಮೆಂದಿದ್ದರಿಂದ ಸಂಕವ್ವನ ಮಾತು ಕುಡಿದವರ ಮಾತಿನಂತೆ ತೊದಲುತ್ತಿತ್ತು.

“ಹೆಂಗಾತವಾ?” ಕಲ್ಲಮ್ಮ ಕೇಳಿದಳು.

“ಹೇಸಿಗಿ ಆಗತೈತಿ. ಕತ್ತಿ ನುಂಗಿದಂಗ ಆಗತೈತಿ. ಡಾಕ್ಟರಬಾಯಿ ಮುಖದ ಮ್ಯಾಲ ಉಗುಳಿ ಬಂದೀನಿ.” ಸಂಕವ್ವ ಸೆರಗಿನಿಂದ ಜೊಲ್ಲು ಒರೆಸಿಕೊಂಡಳು. “ಆದ್ರ ಉಸರ ನಿಂದ ನಿನ್ನ ಕಡೆನ ಇರತೈತಿ.”

ಕಲ್ಲಮ್ಮ ಗಂಡನ ಬೆನ್ನಿಗೆ ಕೈ ಹಚ್ಚಿ ಒಳಗೆ ದಬ್ಬಿದಳು.

ಆ ಮಳೆಗಾಲ ಮುಗಿಯುವುದರೊಳಗೆ ಸುತ್ತಲಿನ ಬಣ್ಣದವರು, ಸುಣ್ಣದ ಗೂಡಿನವರು, ಸಿಮೆಂಟಿನಲ್ಲಿ ಬೆರಳು ಸವೆಸಿಕೊಂಡ ಗೌಂಡಿಗಳು ಎಲ್ಲ ಹಿರೇಮಗ್ಗಿಗೆ ಬರತೊಡಗಿದರು. ಸುಗಂಧಾ ಸಂಬಳವಿಲ್ಲದೆ ಅವರ ತಲೆಯ ಬಳಿ ಕೂರುತ್ತಿದ್ದಳು. ನಾಡಿ ಹಿಡಿಯುವುದನ್ನು ಕಲಿತಳು, ಮಾತಾಡಿಸುವುದನ್ನು ಕಲಿತಳು. ಎದೆ ಏಳದಿದ್ದರೆ ಕೂಗುವುದು ಅವಳಿಗೆ ಮೊದಲೇ ಗೊತ್ತಿತ್ತು.

ದಸರೆಯ ಹೊತ್ತಿಗೆ ಹುಬ್ಬಳ್ಳಿಯಿಂದ ಗಾಜಿನ ಚೌಕಟ್ಟು ಹಾಕಿದ ಪ್ರಶಸ್ತಿಪತ್ರವೊಂದು ಬಂತು. ಇಡೀ ವಿಭಾಗದಲ್ಲಿ ದುರ್ಬೀನನ್ನು ಅತಿ ಹೆಚ್ಚು ಸಲ ತೊಳೆದ ಆಸ್ಪತ್ರೆ ಹಿರೇಮಗ್ಗಿಯದು, ಇಂಥ ಸ್ವಚ್ಛತೆ ಎಲ್ಲರಿಗೂ ಮಾದರಿ ಎಂದು ಬರೆದಿತ್ತು. ಎಸ್ತರ್ ಅದನ್ನು ವರಾಂಡದಲ್ಲಿ, ಸರತಿಗೆ ಕೂತವರ ತಲೆಯ ಮೇಲೆ, ಮೊಳೆ ಹೊಡೆದು ತೂಗುಹಾಕಿದಳು. ಅಲ್ಲಿ ಕೂತವರಲ್ಲಿ ಓದಬಲ್ಲವನೊಬ್ಬ ಗಟ್ಟಿಯಾಗಿ ಓದಿದ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಇಲ್ಲಿ ಹೊಟ್ಟೆ ನೋಡಿದ್ದನ್ನೆಲ್ಲ ಪೆಟ್ಟಿಗೆ ತೊಳೆದ ಲೆಕ್ಕಕ್ಕೆ ಬರೆದುಕೊಂಡಿದೆ ಎಂದು ಸುಗಂಧಾ ಬಿಡಿಸಿ ಹೇಳಿದಳು. ನೀಲಿ ತುಟಿಗಳೆಲ್ಲ ಒಮ್ಮೆಲೇ ನಗತೊಡಗಿದವು, ಒಳಗೆ ಮಲಗಿದವನಿಗೆ ಓಕರಿಕೆಯ ನಡುವೆಯೂ ನಗೆ ತಡೆಯಲಾಗಲಿಲ್ಲ. ನಸ್ರೀನ್ ದುರ್ಬೀನು ಹಿಡಿದ ಕೈ ನಿಲ್ಲಿಸಿ, ಅವನ ನಗು ಮುಗಿಯುವ ತನಕ ಕಾದಳು.